ಕೆಳಗಿನಿಂದ ಕಲಿಯಬೇಕಾದವರು

ಭವಿಷ್ಯ ಶಾಲೆಗೆ ಬಂದದ್ದು ಸೋಮವಾರ ಬೆಳಿಗ್ಗೆ, ಬಿಳಿ ಕಾರಿನಲ್ಲಿ, ಸಾಕಷ್ಟು ತಡವಾಗಿ.

ಅದು ಬರುವ ಮುಂಚೆ ಸಭಾಂಗಣದ ನೆಲ ಒರೆಸಿ, ಕುರ್ಚಿಗಳ ಧೂಳು ಹೊಡೆದು, ಪಕ್ಕದ ಕಕ್ಕಸಿನ ನಾತ ಗಣ್ಯರ ಮೂಗಿಗೆ ಬಡಿಯದಂತೆ ಫಿನಾಯಿಲ್ ಸುರಿದವಳು ಜಡ್ಜಮ್ಮನ ತಾಯಿ. ಅವಳು ಆ ಶಾಲೆಯ ಆಯಾ. ಕಕ್ಕಸು ತೊಳೆಯುವುದು ಅವಳ ಕೆಲಸ. ಅದರ ಜೊತೆಗೆ ಮಗಳಿಗೆ ಅಲ್ಲಿ ಶುಲ್ಕವಿಲ್ಲದ ಒಂದು ಜಾಗ. ಶಾಲೆಯವರು ಇದನ್ನು ಔದಾರ್ಯ ಎನ್ನುತ್ತಿದ್ದರು. ವಾರ್ಷಿಕ ವರದಿಯಲ್ಲಿ ಆ ಔದಾರ್ಯಕ್ಕೆ ಒಂದು ಪ್ಯಾರಾ ಮೀಸಲಿತ್ತು. ಆಯಾಳ ಮೊಣಕಾಲಿಗೆ ಮೀಸಲಾಗಿದ್ದದ್ದು ನೋವು ಮಾತ್ರ.

ಜಡ್ಜಮ್ಮ ಅಂದರೆ ಮಗಳು. ಹತ್ತನೇ ತರಗತಿ, ಸಿ ವಿಭಾಗ. ಓಣಿಯ ನಲ್ಲಿಯ ಮುಂದೆ ದಿನಾ ನಡೆಯುವ ಬಕೆಟ್ ಜಗಳ ಬಿಡಿಸಿ ಬಿಡಿಸಿ ಆ ಹೆಸರು ಅವಳಿಗೆ ಅಂಟಿಕೊಂಡಿತ್ತು. "ಚಿಕ್ಕಮ್ಮ, ನೀವು ಸ್ವಲ್ಪ ಸುಮ್ಮನಿರಿ. ಮೊದಲು ದೊಡ್ಡಮ್ಮ ಹೇಳಲಿ, ಆಮೇಲೆ ನಿಮ್ಮದು" ಎಂದು ತನ್ನ ಎರಡರಷ್ಟು ತೂಕದ ಹೆಂಗಸರನ್ನು ತಡೆದು ನಿಲ್ಲಿಸುತ್ತಿದ್ದಳು. ಅವರೂ ನಿಲ್ಲುತ್ತಿದ್ದರು. ನಕ್ಕುಕೊಂಡೇ ನಿಲ್ಲುತ್ತಿದ್ದರು, ಆದರೆ ನಿಲ್ಲುತ್ತಿದ್ದರು.

ಶಾಲೆಯಲ್ಲಿ ಮೂರು ವಿಭಾಗ. ಅಪ್ಪನ ಕಾರಿನಲ್ಲಿ ಬಂದಿಳಿಯುವ ಮಕ್ಕಳು ಎ. ಬಸ್ಸಿನಲ್ಲಿ ಬರುವವರು ಬಿ. ನಡೆದು ಬರುವವರು ಸಿ. ಮಕ್ಕಳನ್ನು ಬುದ್ಧಿಶಕ್ತಿ ನೋಡಿ ಹಂಚಿದ್ದೇವೆ ಎಂದು ಹೆಡ್‌ಮೇಡಂ ಹೇಳುತ್ತಿದ್ದರು. ಬುದ್ಧಿ ಇಷ್ಟು ಅಚ್ಚುಕಟ್ಟಾಗಿ ಗಾಲಿಯ ಲೆಕ್ಕದಲ್ಲಿ ಹುಟ್ಟಿಬರುವುದು ಪ್ರಕೃತಿಯ ವಿಸ್ಮಯವೇ ಸರಿ.

ಕಾರಿನಿಂದ ಇಳಿದವರು ವೃತ್ತಿ ಮಾರ್ಗದರ್ಶಕರು. ಮಕ್ಕಳ ಬಾಯಲ್ಲಿ ಮಧ್ಯಾಹ್ನದೊಳಗೆ ಅವರು 'ಭವಿಷ್ಯದ ಸಾರ್' ಆದರು. ದಪ್ಪ ದನಿ, ತೆಳುವಾದ ನಗು, ಕೈಯಲ್ಲಿ ಮೈಕು. ಕುರ್ಚಿಗಳು ಬಿ ವಿಭಾಗಕ್ಕೇ ಮುಗಿದಿದ್ದರಿಂದ ಸಿ ವಿಭಾಗ ಹಿಂದೆ ನೆಲದ ಮೇಲೆ ಕೂತಿತ್ತು.

"ಮಕ್ಕಳೇ, ನಿಮ್ಮ ಭವಿಷ್ಯ ನಿಮ್ಮ ಕೈಯಲ್ಲೇ ಇದೆ. ಎಲ್ಲರೂ ಕೈ ನೋಡ್ಕೊಳ್ಳಿ."

ಎಲ್ಲರೂ ನೋಡಿಕೊಂಡರು. ನೆಲದ ಮೇಲೆ ಕೂತವರ ಅಂಗೈಗೆ ಒರೆಸಿದ ನೆಲದ ತೇವ ಹತ್ತಿತ್ತು.

ಆಮೇಲೆ ಸಾರ್ ಬೆರಳು ತೋರಿಸಿ ಕೇಳುತ್ತಾ ಹೋದರು. ಡಾಕ್ಟರ್. ಇಂಜಿನಿಯರ್. ಡಾಕ್ಟರ್. ಬ್ಯಾಂಕ್ ಮ್ಯಾನೇಜರ್. ವಕೀಲರ ಮಗನೊಬ್ಬ ಎದ್ದು, "ಅಪ್ಪ ವಕೀಲ ಆಗು ಅಂದಿದ್ದಾರೆ ಸಾರ್" ಎಂದ. ಬೆರಳು ಹಿಂದಕ್ಕೆ ಬಂತು. ಸಿ ವಿಭಾಗದ ಒಬ್ಬ ಹುಡುಗ ವಿಮಾನ ಓಡಿಸುತ್ತೇನೆ ಎಂದ. ಆ ಕ್ಷಣದಿಂದ ಅವನು ಪೈಲಟ್. ಬೆರಳು ಕಿಟಕಿಯ ಹತ್ತಿರ ನಿಂತಿತು.

"ನೀನು?"

"ಜಡ್ಜ್ ಆಗ್ತೀನಿ ಸಾರ್."

ಇಡೀ ಸಭಾಂಗಣ ಹೊಟ್ಟೆ ಹಿಡಿದು ನಕ್ಕಿತು. ಸಾರ್ ಕೈಯೆತ್ತಿ ಸುಮ್ಮನಾಗಿಸಿದರು. ಹೆಡ್‌ಮೇಡಂ ಅವರ ಕಿವಿಯಲ್ಲಿ ಏನೋ ಉಸುರಿದರು. ಸಾರ್ ಕಣ್ಣು ಅರಳಿತು. ಹಸಿದವನಿಗೆ ಅಡುಗೆಮನೆಯ ಬಾಗಿಲು ಕಂಡಂತೆ ಅರಳಿತು.

"ನಗಬೇಡಿ. ಎದ್ದು ನಿಲ್ಲು ಮಗು, ಎಲ್ಲರಿಗೂ ಕಾಣೋ ಹಾಗೆ. ನೋಡಿ, ಇಲ್ಲೇ ಕಕ್ಕಸು ತೊಳೆಯೋ ಆಯಾ ಮಗಳು. ಜಡ್ಜ್ ಆಗ್ತಾಳಂತೆ. ಯಾಕಾಗಬಾರದು? ಚಪ್ಪಾಳೆ."

ಚಪ್ಪಾಳೆ ಬಿತ್ತು. ಬಾಗಿಲ ಹತ್ತಿರ ನಿಂತಿದ್ದ ತಾಯಿ ನೆಲ ಒರೆಸುವ ಕೋಲನ್ನು ಬೆನ್ನ ಹಿಂದೆ ಸರಿಸಿಕೊಂಡಳು. ನಗಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

ಜಡ್ಜಮ್ಮನಿಗೆ ಈ ಹುಚ್ಚು ಹಿಡಿದದ್ದಕ್ಕೆ ಕಾರಣವಿತ್ತು. ಅವಳು ಆರನೇ ತರಗತಿಯಲ್ಲಿದ್ದಾಗ ಟೀಚರ್ ಒಬ್ಬರ ಕೈಗಡಿಯಾರ ಕಳೆದಿತ್ತು. ಯಾರನ್ನು ಕೇಳಬೇಕು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಯಾಳನ್ನು ಸ್ಟಾಫ್ ರೂಮಿನ ನಡುವೆ ನಿಲ್ಲಿಸಿ, ಚೀಲ ಸುರಿಸಿ, ಸೊಂಟ ತಡವಿ ನೋಡಿದರು. ಕಿಟಕಿಯ ಆಚೆ ಮಗಳು ನಿಂತಿದ್ದಳು. ಮರುದಿನ ಗಡಿಯಾರ ಟೀಚರ ಮನೆಯ ಸ್ನಾನದ ಕೋಣೆಯಲ್ಲೇ ಸಿಕ್ಕಿತು. "ಸಿಕ್ತು ಬಿಡು" ಎಂದರು ಟೀಚರ್, ಗಡಿಯಾರವನ್ನು ಆಯಾಳೇ ಕಳೆದುಕೊಂಡಿದ್ದಳು ಎಂಬಂತೆ. ಎರಡೂ ಕಡೆಯವರ ಮಾತು ಕೇಳಲೇಬೇಕು ಎಂದು ಕಾಯಿದೆ ಇರುವ ಜಾಗ ಒಂದಿದೆ, ಅದಕ್ಕೆ ಕೋರ್ಟು ಎನ್ನುತ್ತಾರೆ ಎಂದು ಜಡ್ಜಮ್ಮ ಆಮೇಲೆ ಯಾವುದೋ ಪಾಠದಲ್ಲಿ ಓದಿದಳು. ಓದಿದ ಮೇಲೆ ಬೇರೆ ಯಾವ ಜಾಗವೂ ಅವಳಿಗೆ ರುಚಿಸಲಿಲ್ಲ.

ಭವಿಷ್ಯದ ಸಾರ್ ಯೋಜನೆ ಸರಳವಾಗಿತ್ತು. ಮಕ್ಕಳು ತಾವು ಆರಿಸಿಕೊಂಡ ವೃತ್ತಿ ನಡೆಯುವ ಜಾಗಕ್ಕೆ ಹೋಗಿ ಒಂದು ವಾರ ಇರಬೇಕು. ಶನಿವಾರ ಸಮಾರೋಪ. ಡಾಕ್ಟರುಗಳು ಆಸ್ಪತ್ರೆಗೆ, ಮ್ಯಾನೇಜರುಗಳು ಬ್ಯಾಂಕಿಗೆ. ವಿಮಾನ ನಿಲ್ದಾಣದವರು ಒಪ್ಪದ ಕಾರಣ ಪೈಲಟ್ ಬಸ್ ಡಿಪೋಗೆ. ಎರಡಕ್ಕೂ ಗಾಲಿ ಇದೆಯಲ್ಲ ಎಂದು ಸಾರ್ ಸಮಾಧಾನ ಹೇಳಿದರು. ವಕೀಲರ ಮಗನೂ ಜಡ್ಜಮ್ಮನೂ ಕೋರ್ಟಿಗೆ.

ಅವತ್ತು ಸಂಜೆ ತಾಯಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಾ ಮಗಳ ಕಡೆ ನೋಡದೆ ಕೇಳಿದಳು.

"ಅಲ್ಲಿ ಮಾತಾಡಿಸ್ತಾರೇನೆ ನಿನ್ನ?"

"ಮಾತಾಡಿಸದೇ ಇರ್ತಾರಾ? ಕಲಿಯೋಕೆ ಅಂತಾನೇ ಕಳಿಸ್ತಿರೋದು."

"ಹೊಟ್ಟೆ ತುಂಬ ತಿಂದ್ಕೊಂಡು ಹೋಗು. ದೊಡ್ಡವರ ಮುಂದೆ ಹೊಟ್ಟೆ ಗುರ್ ಅಂದ್ರೆ ಮರ್ಯಾದೆ ಹೋಗುತ್ತೆ."

"ಜಡ್ಜ್ ಹೊಟ್ಟೆನೂ ಗುರ್ ಅನ್ನುತ್ತೆ ಅಮ್ಮಾ."

"ಅಂದ್ರೂ ಅದು ತೀರ್ಪು ಅನ್ಕೋತಾರೆ ಕಣೆ. ನಮ್ಮದು ಹಸಿವು ಅಂತಾನೇ ಗೊತ್ತಾಗುತ್ತೆ" ಎಂದಳು ತಾಯಿ. ಇಬ್ಬರೂ ನಕ್ಕರು. ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಮತ್ತೊಮ್ಮೆ, ಮಗದೊಮ್ಮೆ ಓಡಿತು.

ಮಂಗಳವಾರ ಕೋರ್ಟಿನ ಪಡಸಾಲೆಯಲ್ಲಿ ಒಬ್ಬ ಮೇಲ್ವಿಚಾರಕ ಕಾಯುತ್ತಿದ್ದ. ಹೊಳೆಯುವ ಬೂಟು, ಕಂಕುಳಲ್ಲಿ ಫೈಲು.

"ಎ ವಿಭಾಗ ಯಾರು?"

ವಕೀಲರ ಮಗ ಕೈಯೆತ್ತಿದ.

"ಬನ್ನಿ. ಜಡ್ಜ್ ಸಾಹೇಬ್ರು ಚೇಂಬರಲ್ಲಿದ್ದಾರೆ, ಮೊದಲು ಕಾಫಿ ಕುಡಿಯೋಣ. ಸಿ ವಿಭಾಗ?"

"ನಾನು ಸಾರ್."

"ನೀನು ಮೇಸ್ತ್ರಿ ಜೊತೆ ಹೋಗು."

ಮೇಸ್ತ್ರಿ ಅಂದರೆ ಕೋರ್ಟಿನ ಗುಡಿಸುವವರ ಮೇಲಾಳು. ಸಣಕಲು ಮನುಷ್ಯ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಅವನ ಕೈಯಲ್ಲಿ ಆಗಲೇ ಒಂದು ಬಕೆಟ್ ಇತ್ತು. ಅದನ್ನು ಅವಳ ಮುಂದಿಟ್ಟ.

"ಈ ವಾರ ನಮ್ಮವರಿಬ್ಬರು ರಜ. ಒಳ್ಳೇ ಹೊತ್ತಿಗೆ ಬಂದೆ."

ಜಡ್ಜಮ್ಮ ಮೇಲ್ವಿಚಾರಕನ ಕಡೆ ತಿರುಗಿದಳು. "ಸಾರ್, ನಾನು ಕೋರ್ಟ್ ನೋಡೋಕೆ ಬಂದಿದ್ದು."

"ಇದೇ ಕೋರ್ಟು. ಮೆಟ್ಟಿಲೂ ಕೋರ್ಟೇ, ಕಕ್ಕಸೂ ಕೋರ್ಟೇ. ಯಾವ ವೃತ್ತಿನೇ ಆಗ್ಲಿ, ಕೆಳಗಿನಿಂದ ಕಲೀಬೇಕು."

"ಅವನು?"

"ಅವರ ತಂದೆ ವಕೀಲರು. ಅರ್ಧ ಗೊತ್ತೇ ಇರುತ್ತೆ. ಅವರು ಮೇಲಿನಿಂದ ಶುರು ಮಾಡಬಹುದು."

"ಒಳಗೆ ಯಾವಾಗ ಬಿಡ್ತೀರಿ ಸಾರ್?"

"ಇವತ್ತು ಚೆನ್ನಾಗಿ ಕೆಲಸ ಮಾಡು. ನಾಳೆ ನೋಡೋಣ."

ಆ 'ನಾಳೆ'ಗಾಗಿ ಅವಳು ಬಕೆಟ್ ಎತ್ತಿದಳು. ಹದಿನೈದರ ಹುಡುಗಿಗೆ ಆಸೆ ದೊಡ್ಡದು. ದೊಡ್ಡವರಿಗೆ ಅದು ಗೊತ್ತು. ಗೊತ್ತಿರುವುದರಿಂದಲೇ ಅವರ ನೆಲ ಹೊಳೆಯುತ್ತದೆ.

ನ್ಯಾಯದ ಮನೆಗೆ ಮೆಟ್ಟಿಲು ಬಹಳ. ಪ್ರತಿ ಮೆಟ್ಟಿಲ ಮೂಲೆಯಲ್ಲೂ ಯಾರೋ ಉಗಿದಿದ್ದರು. ಗೆದ್ದವರೂ ಉಗಿದಿದ್ದರು, ಸೋತವರೂ ಉಗಿದಿದ್ದರು. ಕಾಯಿದೆಯ ಮುಂದೆ ಎಲ್ಲರೂ ಸಮಾನರು ಎಂಬುದು ಅಲ್ಲಿ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ಕುಕ್ಕರಗಾಲಲ್ಲಿ ಕೂತು ಕೆರೆದಳು. ಒಣಗಿದ ಉಗುಳು ಕೆರೆಯಲು ಉಗುರು ಬೇಕು. ಬ್ರಷ್ಷು ಜಾರುತ್ತದೆ. ಸೊಂಟ ಮೊದಲು ಬಿಸಿಯಾಯಿತು, ಆಮೇಲೆ ಮರಗಟ್ಟಿತು. ಕರಿಕೋಟುಗಳು ಮೇಲೆ ಕೆಳಗೆ ಓಡಾಡಿದವು. ಒಂದು ಕೋಟು "ದಾರಿ ಬಿಡು" ಎಂದಿತು. ಇನ್ನೊಂದು ಅದನ್ನೂ ಅನ್ನಲಿಲ್ಲ, ಅವಳ ಬೆರಳ ಮೇಲೇ ಬೂಟಿಟ್ಟು ದಾಟಿತು. ನಡುವೆ ಒಮ್ಮೆ ಮೇಸ್ತ್ರಿ ಅವಳ ಹೆಗಲು ಹಿಡಿದು ಗೋಡೆಗೆ ಒತ್ತಿ ನಿಲ್ಲಿಸಿದ. ಜಡ್ಜ್ ಬರುತ್ತಿದ್ದರು. ವಯಸ್ಸಾದ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ಹಿಂದೆ ಮೇಲ್ವಿಚಾರಕ, ಅವನ ಹಿಂದೆ ವಕೀಲರ ಮಗ. ಹುಡುಗ ಅವಳನ್ನು ನೋಡಿ ಕೈಬೀಸಿದ. ಅವಳ ಎರಡೂ ಕೈಯಲ್ಲಿ ನೊರೆ ಇತ್ತು.

ಸಂಜೆ ತಾಯಿ ಕೇಳಿದಳು. "ಹೇಗಿತ್ತೇ?"

"ಚೆನ್ನಾಗಿತ್ತು. ಜಡ್ಜ್ ಬಂದಾಗ ಎಲ್ಲರೂ ಎದ್ದು ನಿಂತ್ರು. ನಾನೂ ನಿಂತೆ."

ಸುಳ್ಳಲ್ಲ. ಮಗಳ ಮೈಯಿಂದ ಫಿನಾಯಿಲ್ ನಾತ ಬಡಿಯುತ್ತಿತ್ತು. ಆ ಮನೆಗೆ ಅದು ಹೊಸ ವಾಸನೆಯೇನಲ್ಲ. ತಾಯಿ ಅದು ತನ್ನದೇ ಎಂದುಕೊಂಡು ಸುಮ್ಮನಾದಳು.

ಬುಧವಾರ ನಾಳೆ ಬಂತು. ಅಂದರೆ, ಮೇಲ್ವಿಚಾರಕ "ನಾಳೆ" ಎಂದು ಇನ್ನೊಂದು ಸಲ ಹೇಳಿದ. ಅವತ್ತಿನ ಪಾಠ ಲಾಕಪ್ಪಿನ ಕಕ್ಕಸು. ವಿಚಾರಣೆಗೆ ತಂದವರನ್ನು ಕೂಡಿಹಾಕುವ ಕೋಣೆ ಅದು, ನೆಲಮಾಳಿಗೆಯಲ್ಲಿತ್ತು. ಕಕ್ಕಸು ಕಟ್ಟಿಕೊಂಡು ಅಂಚಿನವರೆಗೂ ತುಂಬಿ ನಿಂತಿತ್ತು. ಮೇಸ್ತ್ರಿ ಒಂದು ಕೋಲು ಕೊಟ್ಟ. ಕೋಲಿಗೆ ಅದು ಬಗ್ಗಲಿಲ್ಲ.

"ಕೈ ಹಾಕಬೇಕು."

"ಗ್ಲೌಸು ಕೊಡಿ."

"ಅದು ಕಾಯಂ ನೌಕರರಿಗೆ. ನೀನು ಕಲಿಯೋಳು" ಎಂದು ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದ. ಅವನಿಗೇನೂ ದ್ವೇಷವಿರಲಿಲ್ಲ. ಅವನಿಗೂ ಯಾರೋ ಹೀಗೇ ಒಂದು ಚೀಲ ಕೊಟ್ಟಿದ್ದರು.

ಅವಳು ಮೊಣಕೈವರೆಗೆ ಇಳಿಸಿದಳು. ಚೀಲದೊಳಗೆ ತಣ್ಣಗೆ ಏನೋ ನುಗ್ಗಿತು. ತಡಕಿದಳು. ಬೆರಳಿಗೆ ಒಂದು ಬಟ್ಟೆಯ ಉಂಡೆ ಸಿಕ್ಕಿತು. ಎಳೆದಳು. ಕಕ್ಕಸು ಒಂದು ಸಲ ಗೊಳಕ್ ಎಂದಿತು, ನೀರು ಇಳಿಯಲಿಲ್ಲ. ಕಂಬಿಯ ಹಿಂದೆ ಕೂತಿದ್ದ ಕೈದಿಯೊಬ್ಬ ಇದನ್ನೆಲ್ಲ ನೋಡುತ್ತಿದ್ದ.

"ನೀನೇನು ತಪ್ಪು ಮಾಡಿದ್ದೆ ಕಂದ?"

"ತಪ್ಪೇನಿಲ್ಲ ಮಾವ. ಜಡ್ಜ್ ಆಗ್ತೀನಿ ಅಂದೆ."

"ಅಷ್ಟು ಸಾಕು" ಎಂದ ಕೈದಿ.

ಮಧ್ಯಾಹ್ನ ಅಂಗಳದ ನಲ್ಲಿಯಲ್ಲಿ ಅವಳು ಕೈಗೆ ಮಣ್ಣು ಹಾಕಿ ಉಜ್ಜುತ್ತಿದ್ದಳು. ಸೋಪಿಗೆ ಆ ವಾಸನೆ ಹೋಗಿರಲಿಲ್ಲ. ವಕೀಲರ ಮಗ ಊಟದ ಡಬ್ಬಿ ಹಿಡಿದು ಬಂದು ಪಕ್ಕದ ಕಟ್ಟೆಯ ಮೇಲೆ ಕೂತ. ಕೆಟ್ಟ ಹುಡುಗನಲ್ಲ. ಅವನಿಗೆ ಏನೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳಬೇಕಾದ ಪ್ರಸಂಗ ಈವರೆಗೆ ಬಂದಿರಲಿಲ್ಲ.

"ನೀನ್ಯಾಕೆ ಒಳಗೆ ಬರ್ತಿಲ್ಲ? ಒಂದು ಕಾಂಪೌಂಡ್ ಗೋಡೆ ಕೇಸು ನಡೀತಿದೆ. ನನಗಂತೂ ನಿದ್ದೆ ಬಂತು."

"ನಾನು ಕೆಳಗಿನಿಂದ ಕಲೀತಿದ್ದೀನಿ."

"ಓ, ಅದು ಬೇರೆ ಕೋರ್ಸಾ?"

ಅವಳು ಇನ್ನೊಂದು ಹಿಡಿ ಮಣ್ಣು ತೆಗೆದುಕೊಂಡಳು. ಅವನು ಡಬ್ಬಿ ತೆಗೆದು ತಿನ್ನತೊಡಗಿದ. ನಡುವೆ ನೆನಪಾದವನಂತೆ ಹೇಳಿದ. "ಬಂದು ಕೂತ್ಕೊಬಹುದು ಕಣೆ. ಯಾರು ಬೇಕಾದ್ರೂ ಬಂದು ಕೇಳಬಹುದಂತೆ, ಕೋರ್ಟು ಇರೋದೇ ಹಾಗಂತೆ. ಜಡ್ಜ್ ಅಂಕಲ್ ನನಗೆ ಹೇಳಿದ್ರು. ಹಿಂದಿನ ಬೆಂಚು ಯಾವಾಗ್ಲೂ ಖಾಲಿ."

ಅವಳ ಕೈ ನಿಂತಿತು. "ಯಾರು ಬೇಕಾದ್ರೂ?"

"ಯಾರು ಬೇಕಾದ್ರೂ."

ಗುರುವಾರ ಭವಿಷ್ಯದ ಸಾರ್ ಖುದ್ದು ಬಂದರು, ಜೊತೆಗೆ ಒಬ್ಬ ಫೋಟೋಗ್ರಾಫರ್. ಅವಳು ಮತ್ತೆ ಲಾಕಪ್ಪಿನಲ್ಲಿದ್ದಳು. ಬಟ್ಟೆಯ ಇನ್ನೊಂದು ಉಂಡೆ ಒಳಗೆ ಉಳಿದಿತ್ತು. ಮೇಸ್ತ್ರಿ ಬಂದು, "ಕೈ ತೊಳ್ಕೊಂಡು ಬಾ, ಸಾಹೇಬ್ರು ಕರೀತಾರೆ" ಎಂದ. ಕೊನೆಗೂ ನಾಳೆ ಬಂತು ಎಂದು ಅವಳು ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು.

ಕೋರ್ಟು ಹಾಲು ಖಾಲಿಯಿತ್ತು. ಕಲಾಪ ಇನ್ನೂ ಶುರುವಾಗಿರಲಿಲ್ಲ. ಎತ್ತರದ ಪೀಠ, ಅದರ ಹಿಂದೆ ಚರ್ಮದ ಕುರ್ಚಿ. ಅವಳು ಉಸಿರು ಬಿಗಿಹಿಡಿದು ನೋಡಿದಳು. ಸಾರ್ ಯಾರೋ ವಕೀಲರಿಂದ ಒಂದು ಕರಿಗೌನು ಎರವಲು ತಂದಿದ್ದರು. ಅದನ್ನು ಅವಳ ಒದ್ದೆ ಸಮವಸ್ತ್ರದ ಮೇಲೆ ತೊಡಿಸಿದರು. ತೊಡಿಸುವಾಗ ಮುಖ ಪಕ್ಕಕ್ಕೆ ತಿರುಗಿಸಿಕೊಂಡರು.

"ಈ ದಪ್ಪ ಪುಸ್ತಕ ಹಿಡ್ಕೋ. ಪೀಠದ ಪಕ್ಕ ನಿಲ್ಲು. ಗಲ್ಲ ಸ್ವಲ್ಪ ಮೇಲೆ. ದೂರದಲ್ಲಿ ನಿನ್ನ ಭವಿಷ್ಯ ಕಾಣ್ತಿದೆ ಅನ್ಕೊಂಡು ನೋಡು."

ದೂರದಲ್ಲಿ ಬಾಗಿಲಿತ್ತು. ಬಾಗಿಲಲ್ಲಿ ಮೇಸ್ತ್ರಿ ಇದ್ದ. ಮೇಸ್ತ್ರಿಯ ಕೈಯಲ್ಲಿ ಬಕೆಟ್ ಇತ್ತು. ಭವಿಷ್ಯ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

"ನಗು ಸ್ವಲ್ಪ. ಹಲ್ಲು ಬೇಡ." ಕ್ಯಾಮೆರಾ ಮಿಂಚಿತು. "ಇನ್ನೊಂದು. ಕೈ ಕಾಣದ ಹಾಗೆ ತಗೊಳ್ಳಿ, ಉಗುರು ಚೆನ್ನಾಗಿಲ್ಲ." ಮತ್ತೆ ಮಿಂಚಿತು. "ಭೇಷ್. ಶನಿವಾರ ವೇದಿಕೆ ಮೇಲೆ ಇದೇ ದೊಡ್ಡದಾಗಿ ಬರುತ್ತೆ. ಕೆಳಗೆ ಬರೀತೀವಿ, ಪೊರಕೆಯಿಂದ ಪೀಠಕ್ಕೆ ಅಂತ. ಎಲ್ಲಿ, ಗೌನು ಬಿಚ್ಚು. ಹೋಗು, ನಿನ್ನ ಕೆಲಸ ಮುಗಿಸು."

ಅವಳು ಗೌನು ಬಿಚ್ಚಿದಳು. ಮಡಚಿದಳು. ಸಾರ್ ಕೈಗೆ ಕೊಟ್ಟಳು. ಬಾಗಿಲ ಕಡೆ ನಡೆದಳು. ಬಾಗಿಲ ಪಕ್ಕದಲ್ಲಿ ಹಿಂದಿನ ಬೆಂಚಿತ್ತು, ಖಾಲಿ. ಅದರ ಮೇಲೆ ಕೂತುಬಿಟ್ಟಳು.

"ಏನಿದು?" ಎಂದರು ಸಾರ್.

"ನಾನು ಕೋರ್ಟ್ ನೋಡೋಕೆ ಬಂದಿದ್ದು. ನೋಡ್ತೀನಿ."

"ಕೆಳಗೆ ಕೆಲಸ ಬಾಕಿ ಇದೆ" ಎಂದ ಮೇಸ್ತ್ರಿ.

"ಅದು ನನ್ನ ಕೆಲಸ ಅಲ್ಲ ಅಣ್ಣ."

ಮೇಲ್ವಿಚಾರಕ ಓಡಿ ಬಂದ. ಬೈದ. ಅವಳು ಏಳಲಿಲ್ಲ. ಎರಡೂ ಕೈಯಲ್ಲಿ ಬೆಂಚಿನ ಅಂಚು ಹಿಡಿದುಕೊಂಡಳು. ಅವನು ರಟ್ಟೆ ಹಿಡಿದು ಎಳೆಯಲು ಬಂದವನು ಆ ಕೈಯ ನೆನಪಾಗಿ ಹಿಂದೆ ಸರಿದ. ಮುಟ್ಟಲಾಗದ ಕೈಯನ್ನು ಎಳೆದು ಹಾಕುವುದು ಹೇಗೆ ಎಂದು ಅವನ ಫೈಲಿನಲ್ಲಿ ಬರೆದಿರಲಿಲ್ಲ. ಅಷ್ಟರಲ್ಲಿ ವಕೀಲರು ಬಂದರು, ಕಕ್ಷಿಗಾರರು ಬಂದರು, ಜಡ್ಜ್ ಬಂದರು. ಎಲ್ಲರೂ ಎದ್ದರು. ಅವಳೂ ಎದ್ದಳು. ಎಲ್ಲರೂ ಕೂತರು. ಅವಳೂ ಕೂತಳು.

ಮೇಲ್ವಿಚಾರಕ ಪೀಠದ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿ ಹಿಂದಿನ ಬೆಂಚಿನ ಕಡೆ ಕೈ ತೋರಿಸಿದ. ಜಡ್ಜ್ ಕಾಗದದಿಂದ ತಲೆ ಎತ್ತಲಿಲ್ಲ.

"ಸದ್ದು ಮಾಡ್ತಿದಾಳಾ?"

"ಇಲ್ಲ ಸಾರ್, ಆದ್ರೆ..."

"ಮತ್ತೇನು? ಕೂತಿರಲಿ ಬಿಡಿ."

ಇದನ್ನು ಕರುಣೆ ಎಂದು ಯಾರೂ ತಿಳಿಯಬಾರದು. ಆ ಮನುಷ್ಯ ಅವಳ ಮುಖವನ್ನೂ ನೋಡಲಿಲ್ಲ. ಅವರಿಗೆ ಗೋಡೆಯ ಚಿಂತೆ.

ಗೋಡೆಯ ಕೇಸು ನಿಜಕ್ಕೂ ನಿದ್ದೆ ಬರಿಸುವಂಥದು. ಗೋಡೆ ಆಚೆಯವರ ಜಾಗದೊಳಗೆ ಒಂದು ಗೇಣು ಬಂದಿದೆಯೋ ಇಲ್ಲವೋ. ವಕೀಲರ ಮಗ ಮುಂದೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಹಿಂದಿನ ಬೆಂಚಿಗೆ ಬಂದು ಕೂತವರು ಅವಳ ವಾಸನೆಗೆ ಮೂಗು ಮುಚ್ಚಿಕೊಂಡು ಎದ್ದುಹೋದರು. ಇಡೀ ಬೆಂಚು ಅವಳದೇ ಆಯಿತು. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹಣವಂತನಾಗಲಿ, ಕೋಟು ಹಾಕಿದವನಾಗಲಿ, ಮುಚ್ಚಿಕೊಂಡಿರಬೇಕಿತ್ತು. ಬರೀ ಒಂದು ಗೇಣು ಗೋಡೆಗೆ ಇಷ್ಟೊಂದು ಜನ ಇಷ್ಟು ತಾಳ್ಮೆಯಿಂದ ಕಿವಿಗೊಡುತ್ತಾರಲ್ಲ ಎಂದು ಅವಳು ಬೆಂಚಿನ ತುದಿಗೆ ಸರಿದು ಕೂತಳು. ಅಮ್ಮನಿಗೆ ಆವತ್ತು ಒಂದು ನಿಮಿಷ ಯಾರೂ ಕಿವಿಗೊಟ್ಟಿರಲಿಲ್ಲ.

ಶುಕ್ರವಾರವೂ ಬಂದಳು. ನೇರ ಬೆಂಚಿಗೆ ಹೋದಳು. ಅಷ್ಟರಲ್ಲಿ ಲಾಕಪ್ಪಿನ ಕಕ್ಕಸು ತಾಳ್ಮೆಗೆಟ್ಟಿತ್ತು. ಮಧ್ಯಾಹ್ನ ಅದು ಬಾಗಿಲು ದಾಟಿ, ನೆಲಮಾಳಿಗೆಯ ಪಡಸಾಲೆಗೆ ಬಂದು, ನೋಡಲು ಇಳಿದ ಮೇಲ್ವಿಚಾರಕನ ಹೊಳೆಯುವ ಬೂಟಿಗೆ ನಮಸ್ಕಾರ ಮಾಡಿತು. ಅವನು ಅಲ್ಲಿಂದಲೇ ಶಾಲೆಗೆ ಫೋನು ಮಾಡಿದ.

ಸಂಜೆ ಹೆಡ್‌ಮೇಡಂ ಕೋಣೆಗೆ ತಾಯಿ ಮಗಳು ಇಬ್ಬರಿಗೂ ಕರೆ ಬಂತು. ಮೇಡಂ ಕುರ್ಚಿಯಲ್ಲಿ, ಭವಿಷ್ಯದ ಸಾರ್ ಇನ್ನೊಂದು ಕುರ್ಚಿಯಲ್ಲಿ. ತಾಯಿ ಮಗಳು ನಿಂತಿದ್ದರು. ಮೂಲೆಯಲ್ಲಿ ಸಮಾರೋಪದ ಬ್ಯಾನರ್ ಸುತ್ತಿ ನಿಲ್ಲಿಸಿದ್ದರು. ಅದರಲ್ಲಿ ಅಚ್ಚಾದ ಗೌನಿನ ತುದಿ ಕಾಣುತ್ತಿತ್ತು.

"ನೋಡಿ," ಎಂದರು ಸಾರ್, "ಈ ಮಗುಗೆ ಕನಸಿದೆ, ಇಲ್ಲ ಅನ್ನಲ್ಲ. ಆದರೆ ವಿನಯ ಇಲ್ಲ. ಕೊಟ್ಟ ಕೆಲಸ ಅರ್ಧಕ್ಕೆ ಬಿಟ್ಟಿದ್ದಾಳೆ. ನನ್ನ ಅನುಭವದಲ್ಲಿ ಇಂಥವರಿಗೆ ಕಾನೂನು ಹೊಂದಲ್ಲ. ಸೇವಾ ಕ್ಷೇತ್ರ ಹೊಂದುತ್ತೆ."

"ನಾಳೆ ವೇದಿಕೆ ಮೇಲೆ ನಿಂತು ಕೋರ್ಟಲ್ಲಿ ತುಂಬಾ ಕಲಿತೆ, ಎಲ್ಲರಿಗೂ ಥ್ಯಾಂಕ್ಸ್ ಅಂತ ಹೇಳಬೇಕು" ಎಂದರು ಮೇಡಂ. "ಹೇಳಿದ್ರೆ ಇದನ್ನ ಇಲ್ಲಿಗೇ ಬಿಡ್ತೀವಿ. ಇಲ್ಲ ಅಂದ್ರೆ ಅವಳ ಜಾಗನೂ ಇಲ್ಲ, ನಿನ್ನ ಕೆಲಸನೂ ಇಲ್ಲ. ಬುದ್ಧಿ ಹೇಳು ಆಯಾ, ನಿನ್ನ ಮಗಳಿಗೆ."

ತಾಯಿಗೆ ತಲೆಬುಡ ಗೊತ್ತಾಗಲಿಲ್ಲ. "ಏನು ಕೆಲಸ ಬಿಟ್ಟೆಯೇ?"

ಜಡ್ಜಮ್ಮ ತಲೆ ತಗ್ಗಿಸಿದಳು. "ಲಾಕಪ್ ಕಕ್ಕಸು."

"ಕೋರ್ಟಿಗೆ ಹೋಗ್ತೀನಿ ಅಂದಿದ್ದೆ."

"ಅಲ್ಲೇ ಅಮ್ಮಾ. ಮಂಗಳವಾರದಿಂದ."

ತಾಯಿ ಮಗಳ ಕೈ ಎತ್ತಿ ಮೂಗಿಗೆ ಹಿಡಿದಳು. ಉಗುರಿನ ಸಂದು ನೋಡಿದಳು. ಬೆರಳ ಮೇಲಿನ ಬೂಟಿನ ಗಾಯ ನೋಡಿದಳು. "ಕೈಗೆ ಏನು ಕೊಟ್ಟಿದ್ರು?"

"ಪ್ಲಾಸ್ಟಿಕ್ ಚೀಲ."

ತಾಯಿ ಆ ಕೈಯನ್ನು ಬಿಡಲಿಲ್ಲ. ಸಾರ್ ಕಡೆ ತಿರುಗಿದಳು. ದನಿ ಏರಲಿಲ್ಲ.

"ಸಾರ್, ನಿಮಗೆ ಮಕ್ಕಳಿದ್ದಾರಾ?"

"ಒಬ್ಬ ಮಗ. ಯಾಕೆ?"

"ಏನು ಓದ್ತಿದ್ದಾರೆ?"

"ಆರ್ಕಿಟೆಕ್ಟ್ ಆಗ್ತಿದ್ದಾನೆ."

"ಯಾವ ಕಕ್ಕಸಿಂದ ಶುರು ಮಾಡಿದ್ರು ಸಾರ್?"

ಸಾರ್ ಕೈ ಮೇಜಿನ ಮೇಲೆ ಇಲ್ಲದ ಮೈಕನ್ನು ಹುಡುಕಿತು.

"ಆಯಾ, ನಾಲಿಗೆ ಬಿಗಿಹಿಡಿ" ಎಂದರು ಮೇಡಂ.

"ಹಿಡಿದೂ ಹಿಡಿದೂ ಸಾಕಾಗಿದೆ ಮೇಡಂ. ಗಡಿಯಾರಕ್ಕೆ ನನ್ನ ಸೊಂಟ ತಡವಿದಾಗಲೂ ಹಿಡಿದಿದ್ದೆ. ಕಕ್ಕಸು ತೊಳೆಯೋದು ಇವಳು ಕಲೀಬೇಕು ಅಂತಿದ್ರೆ ನಾನೇ ಮನೇಲಿ ಕಲಿಸ್ತಿರಲಿಲ್ವಾ? ನನಗಿಂತ ಚೆನ್ನಾಗಿ ಯಾರು ಕಲಿಸ್ತಾರೆ? ಇವಳು ಅದನ್ನ ಕಲೀದೇ ಇರ್ಲಿ ಅಂತಾನೇ ನಾನು ನಿಮ್ಮದೆಲ್ಲ ತೊಳೆದಿದ್ದು."

ಸೊಂಟದಿಂದ ಬೀಗದ ಕೈಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. "ಇದು ಹುಡುಗರ ಕಕ್ಕಸಿಂದು. ಇದು ಹುಡುಗಿಯರದು. ಈ ಚಿಕ್ಕದು ನಿಮ್ಮದು ಮೇಡಂ." ಮಗಳ ಕೈ ಹಿಡಿದುಕೊಂಡೇ ಹೊರಗೆ ಬಂದಳು. ಗೇಟು ದಾಟಿದ ಮೇಲೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಅತ್ತಳು. ಮಗಳೂ ಪಕ್ಕದಲ್ಲಿ ಕೂತಳು. ಕೆಲಸ ಹೋದದ್ದಕ್ಕೆ ಅಳು ಬರದಿರಲು ಅವರೇನು ಕಲ್ಲಲ್ಲ.

ಶನಿವಾರದ ಸಮಾರೋಪದ ಸುದ್ದಿಯನ್ನು ತಂದವನು ಪೈಲಟ್. ಬ್ಯಾನರ್ ಕಟ್ಟಿದ್ದರಂತೆ. ಜಡ್ಜಮ್ಮ ಬಾಗಿಲಿನಷ್ಟು ಎತ್ತರ ಕಾಣುತ್ತಿದ್ದಳಂತೆ. ಹುಡುಗಿಗೆ ಜ್ವರ, ಇಲ್ಲದಿದ್ದರೆ ಸ್ವತಃ ಬಂದು ಕೃತಜ್ಞತೆ ಹೇಳುತ್ತಿದ್ದಳು ಎಂದು ಸಾರ್ ಗದ್ಗದರಾದರಂತೆ. ಪಕ್ಕದ ಕಕ್ಕಸು ಹಿಂದಿನ ದಿನದಿಂದ ತೊಳೆಯದೆ ಇದ್ದುದರಿಂದ ಮುಖ್ಯ ಅತಿಥಿಗಳು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಭಾಷಣ ಮುಗಿಸಿದರಂತೆ.

"ನಿನ್ನನ್ನ ಕರೆದ್ರಾ ವೇದಿಕೆಗೆ?" ಎಂದು ಜಡ್ಜಮ್ಮ ಕೇಳಿದಳು.

"ಕರೆದ್ರು. ಡಿಪೋದಲ್ಲಿ ಏನು ಕಲಿತೆ ಅಂದ್ರು. ವಾರ ಪೂರ್ತಿ ಬಸ್ಸು ತೊಳೆದೆ, ಒಂದೂ ಹಾರಲಿಲ್ಲ ಸಾರ್ ಅಂದೆ. ಮೈಕ್ ಕಿತ್ಕೊಂಡ್ರು."

"ಆಮೇಲೆ?"

"ಸಿ ವಿಭಾಗ ಚಪ್ಪಾಳೆ ಹೊಡೀತು. ನಿಲ್ಲಿಸಲೇ ಇಲ್ಲ. ಹೆಡ್‌ಮೇಡಂ ಎದ್ದು ಬಂದು ಬೈದ್ರೂ ಹೊಡೀತಾನೇ ಇದ್ರು." ಅವನ ಅಂಗೈ ಬೊಬ್ಬೆ ಎದ್ದು ಕೆಂಪಾಗಿತ್ತು. ಬಸ್ಸು ತೊಳೆದ ಕೈ.

ಶಾಲೆಯವರು ಹೇಳಿದ್ದನ್ನು ಮಾಡಿದರು. ಬಡವರಿಗೆ ಕೊಟ್ಟ ಮಾತನ್ನು ಅವರು ಉಳಿಸಿಕೊಂಡದ್ದು ಇದೊಂದೇ ಸಲ. ವರ್ಗಾವಣೆ ಪತ್ರದಲ್ಲಿ ನಡತೆ ತೃಪ್ತಿಕರವಲ್ಲ ಎಂದು ಬರೆದರು. ರೈಲು ಹಳಿಯ ಆಚೆ ಒಂದು ಮುನಿಸಿಪಲ್ ಶಾಲೆ ಅವಳನ್ನು ಸೇರಿಸಿಕೊಂಡಿತು. ಅಲ್ಲಿ ಎ ಬಿ ಸಿ ಇರಲಿಲ್ಲ. ಎಲ್ಲರೂ ನಡೆದೇ ಬರುವವರು. ಭವಿಷ್ಯ ಅಲ್ಲಿಗೆ ಕಾರಿನಲ್ಲಿ ಬರುತ್ತಿರಲಿಲ್ಲ, ರಸ್ತೆ ಸರಿಯಿರಲಿಲ್ಲ. ತಾಯಿಗೆ ಬಹಳ ದಿನ ಕೆಲಸ ಸಿಗಲಿಲ್ಲ. ಓಣಿಯ ಚಿಕ್ಕಮ್ಮ, ದೊ‌ಡ್ಡಮ್ಮಂದಿರು ಬೈದುಕೊಂಡೇ ಒಬ್ಬೊಬ್ಬರು ಒಂದೊಂದು ಹೊತ್ತು ಸಾಗಿಸಿದರು. ಕೊನೆಗೆ ಒಂದು ಬೇಕರಿಯಲ್ಲಿ ತಟ್ಟೆ ತೊಳೆಯುವ ಕೆಲಸ ಸಿಕ್ಕಿತು. ತೊಳೆಯುವುದು ತಪ್ಪಲಿಲ್ಲ. ನಾತ ತಪ್ಪಿತು.

ಬೇಕರಿಗೆ ಸೇರುವ ಹಿಂದಿನ ದಿನ ತಾಯಿ ಬೆಳಿಗ್ಗೆಯೇ ತಲೆ ಬಾಚಿಕೊಂಡು ನಿಂತಳು.

"ನಡಿಯೇ, ಆ ಬೆಂಚು ಎಲ್ಲಿದೆ ತೋರಿಸು."

ಕೋರ್ಟಿನ ಹಾಲಿನಲ್ಲಿ ಅವತ್ತು ಬೇರೆ ಕೇಸು. ಒಬ್ಬ ಮನೆ ಮಾಲೀಕ, ಒಬ್ಬ ಬಾಡಿಗೆದಾರ, ಸೋರುವ ಸೂರು. ತಾಯಿ ಮಗಳು ಹಿಂದಿನ ಬೆಂಚಿನಲ್ಲಿ ಕೂತರು. ಮಾಲೀಕನ ಮಾತು ಕೇಳಿ ತಾಯಿ ಮಗಳ ಕಿವಿಗೆ ಬಗ್ಗಿದಳು.

"ಇವನು ಸುಳ್ಳು ಹೇಳ್ತಿದ್ದಾನೆ."

"ತಾಳಮ್ಮಾ. ಇನ್ನೊಂದು ಕಡೆಯವರು ಹೇಳಲಿ."

ಮೇಲ್ವಿಚಾರಕ ಫೈಲು ಹಿಡಿದು ಬಾಗಿಲಲ್ಲಿ ಹಾದುಹೋಗುತ್ತಿದ್ದವನು ಹುಡುಗಿಯ ಗುರುತು ಹಿಡಿದ. ಒಳಗೆ ಬಂದು ಬೆಂಚಿನ ಪಕ್ಕ ನಿಂತು, ತಾಯಿಯನ್ನು ಮೇಲಿಂದ ಕೆಳಗೆ ನೋಡಿ, ದನಿ ತಗ್ಗಿಸಿ ಕೇಳಿದ.

"ನಿಮಗೇನು ಕೆಲಸ ಇಲ್ಲಿ?"

ತಾಯಿ ಪೀಠದ ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ಕೆಲಸ ಏನೂ ಇಲ್ಲ" ಎಂದಳು. "ಕೂತಿದ್ದೀವಿ."